ಅರ್ಧ ಗಂಟೆ ತಡವಾಗಿ ಓಡುವ ಕುದುರೆ

ಎಲ್ಲಕ್ಕೂ ಕಾರಣ ಟೋನಿಯ ತಂಗಿಯ ಮಗಳ ಮದುವೆ. ಆ ಹುಡುಗಿ ಬೇರೆ ಯಾವ ದಿನ ಮದುವೆಯಾಗಿದ್ದರೂ ಶರಣಬಸಪ್ಪನ ಪಾಲಿಗೆ ಮರುದಿನ ಜೋಳದ ರೊಟ್ಟಿ ಗ್ಯಾರಂಟಿ ಇತ್ತು. ಆದರೆ ಅವಳು 1974ರ ಸೆಪ್ಟೆಂಬರಿನ ಆ ಶನಿವಾರವನ್ನೇ ಹುಡುಕಿ ತೆಗೆದಿದ್ದಳು. ಸಂಜೆ ನಾಲ್ಕೂಮುಕ್ಕಾಲಿಗೆ ಸರಿಯಾಗಿ ಶರಣಬಸಪ್ಪ ನ್ಯೂಯಾರ್ಕಿನ ಹಿಲ್‌ಸೈಡ್ ಅವೆನ್ಯೂದ ಟೋನಿಯ ಕ್ಷೌರದಂಗಡಿ ಮುಂದೆ ಬಂದು ನಿಂತರೆ ಬಾಗಿಲಿಗೆ ಬೀಗ. ಗಾಜಿಗೆ ಒಂದು ಚೀಟಿ: 'ಮನೆಯಲ್ಲಿ ಮದುವೆ. ಸೋಮವಾರ ಬನ್ನಿ.'

"ಇವತ್ತs ಬೇಕಾಗಿತ್ತೇನಲೇ ನಿಮಗ ಮದಿವಿ!" ಎಂದು ಶರಣಬಸಪ್ಪ ಬಾಗಿಲಿಗೆ ಬೈದ. ಬಾಗಿಲಿಗೆ ಕನ್ನಡ ಬರುತ್ತಿರಲಿಲ್ಲ. ಅದು ಸುಮ್ಮನಿತ್ತು.

ಅವನಿಗೆ ಕ್ಷೌರ ಬೇಕಿರಲಿಲ್ಲ. ತಲೆಯಲ್ಲಿ ಉಳಿದಿದ್ದ ಕೂದಲನ್ನು ಅವನೇ ಮನೆಯಲ್ಲಿ ಎಣಿಸಿ ಕತ್ತರಿಸಿಕೊಳ್ಳಬಹುದಿತ್ತು. ಬೇಕಿದ್ದದ್ದು ಟೋನಿಯ ರೇಡಿಯೋ. ಐದು ಗಂಟೆಗೆ ಅದರಲ್ಲಿ ಕುದುರೆ ರೇಸು ಬರುತ್ತಿತ್ತು. ಐದೂವರೆಗೆ ಅದೇ ರೇಸು ಬದರೀನಾಥನ ಮನೆಯ ಟಿ.ವಿ.ಯಲ್ಲಿ ಬರುತ್ತಿತ್ತು. ಈ ಎರಡರ ನಡುವಿನ ಅರ್ಧ ಗಂಟೆಯ ಮೇಲೆ ಶರಣಬಸಪ್ಪ ನಾಲ್ಕು ತಿಂಗಳಿಂದ ಊಟ ಮಾಡುತ್ತಿದ್ದ.

ಅದು ಹೇಗೆ ಅಂತ ಹೇಳಬೇಕು.

ಶರಣಬಸಪ್ಪ ಗದಗಿನ ಕಡೆಯವನು, ವಯಸ್ಸು ನಲವತ್ತೆಂಟು. ಫ್ಯಾಕ್ಟರಿಗಳಲ್ಲಿ ಕೆಲಸಗಾರರು ಬಂದ ಕೂಡಲೇ ಕಾರ್ಡು ಹೊಡೆಯುತ್ತಾರಲ್ಲ, ಆ ಗಡಿಯಾರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನ್ಯೂಯಾರ್ಕಿನ ಜಮೈಕಾ ಬಡಾವಣೆಯ ಒಂದು ಕೋಣೆಯಲ್ಲಿ ಏಳು ಗೋಡೆ ಗಡಿಯಾರಗಳ ಜೊತೆ ಇದ್ದ. ಏಳೂ ಒಂದೇ ಸೆಕೆಂಡಿಗೆ ಟಿಕ್ ಅನ್ನುತ್ತಿದ್ದವು. ಆ ಮನೆಯಲ್ಲಿ ಬೇರೆ ಮಾತಾಡುವವರು ಯಾರೂ ಇರಲಿಲ್ಲ.

ತಡ ಅಂದರೆ ಅವನಿಗೆ ಆಗದು. ಹನ್ನೊಂದಕ್ಕೆ ನಾಮಕರಣ ಅಂದರೆ ಹನ್ನೊಂದಕ್ಕೆ ಹೋಗಿ ಬೆಲ್ ಒತ್ತುವವನು. ಬಾಗಿಲು ತೆರೆದ ಯಜಮಾನ ಬಾಯಲ್ಲಿ ಬ್ರಷ್ಷು, ಸೊಂಟಕ್ಕೆ ಟವೆಲು ಸುತ್ತಿಕೊಂಡಿದ್ದರೆ ಅಲ್ಲೇ ಹೊಸ್ತಿಲಲ್ಲಿ ನಿಂತು ಉಗಿದು, ಮಗುವಿಗೆ ಹೆಸರಿಡುವ ಮೊದಲೇ ವಾಪಸು ಬರುವವನು. ಎರಡು ವರ್ಷದ ಹಿಂದೆ ಯುಗಾದಿಯ ದಿನ ಬಾಡಿಗೆ ಹಾಲಿನಲ್ಲಿ ಕನ್ನಡದವರೆಲ್ಲ ಸೇರುವುದಿತ್ತು. ಹತ್ತಕ್ಕೆ ಶುರು ಅಂತ ಬರೆದಿದ್ದರು. ಶರಣಬಸಪ್ಪ ಹತ್ತಕ್ಕೆ ಒಳಗಿನಿಂದ ಬಾಗಿಲು ಹಾಕಿ ಚಿಲಕ ಜಡಿದ. ಒಳಗೆ ಅವನೊಬ್ಬನೇ. ಹೊರಗೆ ಅಧ್ಯಕ್ಷರು, ಕಾರ್ಯದರ್ಶಿ, ಪ್ರಾರ್ಥನೆ ಹಾಡುವ ಹೆಂಗಸರು ಮತ್ತು ನಲವತ್ತು ಜನಕ್ಕಾಗುವಷ್ಟು ಪುಳಿಯೋಗರೆ. ಆಮೇಲೆ ಅವನನ್ನು ಕರೆಯುವವರೇ ಕಡಿಮೆಯಾದರು. ಕರೆದರೂ ಹೋಗುವವನಲ್ಲ ಅನ್ನಿ. "ಕರುಣಾ ತೋರ್ಸಿ ಕರದ್ರ ನಾ ಬರಂಗಿಲ್ಲ" ಅಂತ ಎರಡು ಮನೆಯವರಿಗೆ ಫೋನಿನಲ್ಲೇ ಹೇಳಿ ಇಟ್ಟಿದ್ದ.

ಆ ವರ್ಷ ಮೇ ತಿಂಗಳಲ್ಲಿ ಬೆಲ್‌ರೋಸಿನ ಬದರೀನಾಥನ ಮನೆಯ ಗಡಿಯಾರ ಕೆಟ್ಟಿತು. ರಿಪೇರಿ ಮಾಡಿ ಕೊಡಲು ಒಂದು ಶನಿವಾರ ಸಂಜೆ ಶರಣಬಸಪ್ಪ ಹೋದ. ದಾರಿಯಲ್ಲಿ ಟೋನಿಯ ಅಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡಿದ್ದ, ಅಲ್ಲಿ ರೇಡಿಯೋದಲ್ಲಿ ಒಂದು ಕುದುರೆ ಗೆದ್ದದ್ದನ್ನು ಕೇಳಿದ್ದ. ಬದರೀನಾಥನ ಮನೆಗೆ ಹೋದರೆ ಹೊಸ ಕಲರ್ ಟಿ.ವಿ.ಯಲ್ಲಿ ಆ ಕುದುರೆ ಇನ್ನೂ ಓಡಲು ಕಾದು ನಿಂತಿತ್ತು! ಆ ಚಾನೆಲ್ಲಿನವರು ಚಿತ್ರ ಹಿಡಿದಿಟ್ಟುಕೊಂಡು, ತಮ್ಮ ಅಡುಗೆ ಕಾರ್ಯಕ್ರಮ ಮುಗಿದ ಮೇಲೆ ನಿಧಾನವಾಗಿ ತೋರಿಸುತ್ತಿದ್ದರು. ಮನೆಯವರು ಅದನ್ನೇ ಈಗ ನಡೆಯುತ್ತಿರುವ ರೇಸು ಅಂತ ತಿಳಿದು ಬಾಯಿ ತೆರೆದು ಕೂತಿದ್ದರು. 'ನಿಮ್ಮ ಟಿ.ವಿ. ಅರ್ಧ ತಾಸು ತಡಾ ಐತಿ' ಅಂತ ಗದರಿಸಲು ಶರಣಬಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ಬದರೀನಾಥನ ಗೆಳೆಯ ಕೇಶವಮೂರ್ತಿ, "ಬನ್ನಿ ಸಾರ್, ನೀವೂ ಒಂದು ಕುದುರೆ ಹಿಡೀರಿ. ಯಾರ ಕುದುರೆ ಗೆಲ್ಲುತ್ತೋ ಅವರಿಗೆ ನಾಳೆ ಭಾನುವಾರದ ಊಟ. ಈ ವಾರ ಕೌಸಲ್ಯಾ ಅವರ ಸರದಿ" ಅಂದ.

ಮನೆಯೊಡತಿ ಕೌಸಲ್ಯಾ ಮೈಸೂರಿನವರು. ದೇವರ ಫೋಟೋ ಇರುವ ಮನೆಯಲ್ಲಿ ದುಡ್ಡು ಕಟ್ಟಿ ಜೂಜಾಡಕೂಡದು ಅಂತ ಅವರೇ ಮಾಡಿದ ನಿಯಮ ಅದು: ದುಡ್ಡಿಲ್ಲ, ಊಟ ಮಾತ್ರ. ಮೊದಲು ಬಂದವರು ಮೊದಲು ಕುದುರೆ ಹಿಡಿಯಬೇಕು. ಊಟ ಹಾಕುವ ಸರದಿಯವರು ಆ ವಾರ ಆಡುವಂತಿಲ್ಲ. ಆವತ್ತು ಮಾತ್ರ ಹೊಸಬರು ಬಂದಿದ್ದಾರೆಂದು ಅವನಿಗೇ ಮೊದಲ ಆಯ್ಕೆ.

ಶರಣಬಸಪ್ಪ ತೆರೆದ ಬಾಯಿಯಿಂದ ಕುದುರೆಯ ಹೆಸರು ಹೇಳಿ, ಹುಟ್ಟಿದ ಮೇಲೆ ಮೊದಲ ಸಲ ಉಳಿದ ಮಾತನ್ನು ನುಂಗಿಕೊಂಡ. ಮರುದಿನ ಬಾಳೆಲೆ ಇಲ್ಲದಿದ್ದರೂ ಪೇಪರ್ ತಟ್ಟೆಯಲ್ಲಿ ಹುಳಿ, ಪಲ್ಯ, ಚಿತ್ರಾನ್ನ, ಎದುರಿಗೆ ಮನೆಯವರ ಮಾತು. ಅನ್ನ ಎರಡನೇ ಸಲ ಬಡಿಸಲು ಬಂದಾಗ ಅವನು ತಟ್ಟೆಯನ್ನು ಮುಂದಕ್ಕೆ ತಳ್ಳಿದ.

ಇದು ದಾನವಲ್ಲ, ಗೆದ್ದ ಊಟ. ತಲೆಯೆತ್ತಿ ಉಣ್ಣಬಹುದು. ಅಂದಿನಿಂದ ಅವನು ಎರಡು ವಾರ ಗೆದ್ದು ಒಂದು ವಾರ ಬೇಕೆಂದೇ ಸೋಲುತ್ತಿದ್ದ, ಯಾರಿಗೂ ಸಂಶಯ ಬರಬಾರದೆಂದು.

ಈ ವಾರ ಸೋಲುವ ಮಾತೇ ಇರಲಿಲ್ಲ. ಈ ವಾರ ವೀರಬಸಮ್ಮನ ಸರದಿ. ವೀರಬಸಮ್ಮ ಹುಬ್ಬಳ್ಳಿಯವಳು, ಆಸ್ಪತ್ರೆಯಲ್ಲಿ ನರ್ಸು, ಭಾನುವಾರವೂ ಡ್ಯೂಟಿ ಇರುತ್ತಿದ್ದರಿಂದ ಊಟ ಹಾಕುವ ಸರದಿ ಅವಳಿಗೆ ಇದೇ ಮೊದಲು. ಗಂಡನಿಲ್ಲ, ಫ್ಲಶಿಂಗ್‌ನಲ್ಲಿ ಒಬ್ಬಳೇ ಇರುತ್ತಿದ್ದಳು. ಎಲ್ಲರೂ ಅವಳನ್ನು 'ಸಿಸ್ಟರ್' ಅನ್ನುತ್ತಿದ್ದರು. ಶರಣಬಸಪ್ಪ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಅವಳ ಮನೆಗೆ ಊರಿಂದ ಯಾರದೋ ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು ಬಂದಿತ್ತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಅಂತ ಹೋದ ವಾರ ಅವಳೇ ವಿಳಾಸದ ಸಮೇತ ಹೇಳಿದ್ದಳು. ಹೇಳುವಾಗ ಶರಣಬಸಪ್ಪನ ಕಡೆಗೇ ನೋಡಿದ್ದಳು. ಅಥವಾ ಅವನ ಹಿಂದಿನ ಕಿಟಕಿಯ ಕಡೆಗೆ. ಅದು ಅವನಿಗೆ ವಾರವಿಡೀ ಇತ್ಯರ್ಥವಾಗಿರಲಿಲ್ಲ.

ಈಗ ನೋಡಿದರೆ ಬೀಗ.

ನಾಲ್ಕೂಐವತ್ತು. ಪಕ್ಕದಲ್ಲೇ ಬಟ್ಟೆ ಒಗೆಯುವ ಮಷೀನುಗಳ ಅಂಗಡಿ. ಒಳಗೆ ರೇಡಿಯೋ ಹಾಡುತ್ತಿತ್ತು, ಸ್ಪ್ಯಾನಿಷ್ ಹಾಡು. ಶರಣಬಸಪ್ಪ ನೇರ ಹೋಗಿ ಅದರ ಕಿವಿ ಹಿಂಡಿದ. ರೇಡಿಯೋದ ಒಡತಿ ಒದ್ದೆ ಕಂಬಳಿಯೊಂದನ್ನು ಎತ್ತಿಕೊಂಡು ಅವನ ಕಡೆಗೆ ಬಂದಳು. ಅವಳ ಮಾತು ಅವನಿಗೆ ತಿಳಿಯಲಿಲ್ಲ, ಕಂಬಳಿ ತಿಳಿಯಿತು. ಹೊರಗೆ ಬಂದಾಗ ಅಂಗಿಯ ಬೆನ್ನು ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು.

ನಾಲ್ಕೂಐವತ್ತಾರು. ದಾರಿಯ ಅಂಚಿಗೆ ಒಂದು ಹಳದಿ ಟ್ಯಾಕ್ಸಿ ನಿಂತಿತ್ತು. ದಪ್ಪನೆಯ ಡ್ರೈವರು ಒಳಗೆ ಕೂತು ರೇಡಿಯೋ ತಿರುವುತ್ತಿದ್ದ. ಶರಣಬಸಪ್ಪ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತ.

"ಎಲ್ಲಿಗೆ?" ಅಂದ ಡ್ರೈವರು.

"ಎಲ್ಲಿಗೂ ಇಲ್ಲ. ರೇಸು ಹಾಕು."

ಡ್ರೈವರು ಕನ್ನಡಿಯಲ್ಲಿ ಅವನನ್ನು ನೋಡಿದ. ತೊಯ್ದ ಅಂಗಿ, ಕೆಂಪು ಕಣ್ಣು, ಎರಡೂ ಕೈಗೆ ಒಂದೊಂದು ವಾಚು. ನ್ಯೂಯಾರ್ಕಿನ ಟ್ಯಾಕ್ಸಿಯವನಿಗೆ ಇದೇನು ದೊಡ್ಡದಲ್ಲ. ಮೀಟರು ಕೆಳಗೆಳೆದ. "ನಾನೂ ಅದಕ್ಕೇ ಕಾಯ್ತಿದೀನಿ. ಬೆಳಿಗ್ಗೆನೇ ಬೆಟ್ಟಿಂಗ್ ಕಿಟಕಿಗೆ ಹೋಗಿ ಐದನೇ ನಂಬರಿನ ಮೇಲೆ ಇಪ್ಪತ್ತು ಡಾಲರ್ ಹಾಕಿದೀನಿ. ಲೇಟ್ ಸಪ್ಪರ್ ಅಂತ ಹೆಸರು" ಅಂದ.

"ಲೇಟ್ ಅನ್ನೋ ಹೆಸರಿನ ಕುದುರೆ ಮೇಲೆ ದುಡ್ಡು ಹಾಕಿದವನಿಗೆ ಬುದ್ಧಿ ಇಲ್ಲ" ಅಂತ ಶರಣಬಸಪ್ಪ ಇಂಗ್ಲಿಷಿನಲ್ಲೇ ಹೇಳಿದ. ಅವನ ಮಾತು ಯಾವ ಭಾಷೆಯಲ್ಲೂ ಮೆತ್ತಗಿರುತ್ತಿರಲಿಲ್ಲ.

ಐದು ಕುದುರೆ ಓಡಿದವು. ರೇಡಿಯೋದವನು ಹೊಟ್ಟೆಗೆ ಕೆಂಡ ಬಿದ್ದವನಂತೆ ಕೂಗಿದ. ಕೊನೆಯ ತಿರುವಿನಲ್ಲಿ ಪೆಪ್ಪರ್ ಪಾಟ್ ಮತ್ತು ಲೇಟ್ ಸಪ್ಪರ್ ಭುಜಕ್ಕೆ ಭುಜ. ಪೆಪ್ಪರ್ ಪಾಟ್, ಕತ್ತಿನಷ್ಟು ಮುಂದೆ! ಡ್ರೈವರು ಸ್ಟೀರಿಂಗಿಗೆ ಗುದ್ದಿ, ಚೀಟಿಯನ್ನು ನಾಲ್ಕು ತುಂಡು ಮಾಡಿ ಕಿಟಕಿಯಿಂದ ಎಸೆದ. ಶರಣಬಸಪ್ಪ ವಾಚು ನೋಡಿಕೊಂಡ. ಐದೂಮೂರು. ನಡೆದು ಹೋಗಲು ಹನ್ನೆರಡು ನಿಮಿಷ, ಐದೂಕಾಲಿಗೆ ಬದರೀನಾಥನ ಬಾಗಿಲಲ್ಲಿರಬೇಕು. ಮೀಟರಿನಷ್ಟು ದುಡ್ಡು ಸೀಟಿನ ಮೇಲೆ ಹಾಕಿ ಇಳಿದು ಬಿರಬಿರನೆ ನಡೆದ.

ಅರ್ಧ ಫರ್ಲಾಂಗ್ ಹೋಗಿದ್ದನೋ ಇಲ್ಲವೋ, ಹಿಂದಿನಿಂದ ಡ್ರೈವರು "ಏಯ್ ಮಿಸ್ಟರ್! ನಿಲ್ಲು! ಕೇಳಿಲ್ಲಿ!" ಅಂತ ಕೂಗಿದ.

ಟಿಪ್ಸು ಕೇಳುತ್ತಾನೆ ಅಂತ ಶರಣಬಸಪ್ಪನಿಗೆ ಪಿತ್ತ ನೆತ್ತಿಗೇರಿತು. "ಒಂದು ಪೈಸಾ ಹೆಚ್ಚಿಗಿ ಕೊಡಂಗಿಲ್ಲ ಹೋಗಲೇ!" ಅಂತ ತಿರುಗಿ ಕೂಗಿದ. ಡ್ರೈವರು ರಸ್ತೆಯಲ್ಲಿ ಮೊಣಕಾಲೂರಿ ಚೀಟಿಯ ಚೂರುಗಳನ್ನು ಆರಿಸುತ್ತ ಒಂದು ಕೈ ಮೇಲೆತ್ತಿ ಬೀಸುತ್ತಿದ್ದ. 'ಇಪ್ಪತ್ತು ಡಾಲರಿಗೆ ತಲಿ ಕೆಟ್ಟೈತಿ ಪಾಪ' ಅಂದುಕೊಂಡು ಶರಣಬಸಪ್ಪ ಮುಂದೆ ಹೋದ.

ಐದೂಕಾಲಿಗೆ ಬೆಲ್ ಒತ್ತಿದ. ಕೌಸಲ್ಯಾ ಬಾಗಿಲು ತೆಗೆದರು.

"ಬನ್ನಿ ಶರಣಬಸಪ್ಪನವರೇ. ನೀವು ಬಂದ್ರಿ ಅಂದ್ರೆ ಗಡಿಯಾರ ನೋಡೋದೇ ಬೇಡ. ಅಯ್ಯೋ, ಅಂಗಿ ಯಾಕೆ ಒದ್ದೆಯಾಗಿದೆ?"

"ಬೆವರ್ರೀ" ಅಂದ ಶರಣಬಸಪ್ಪ.

ಹಾಲಿನಲ್ಲಿ ಬದರೀನಾಥ ಪೇಪರು ಹಿಡಿದು ಕೂತಿದ್ದ. ಸೋಫಾದ ತುದಿಯಲ್ಲಿ ವೀರಬಸಮ್ಮ. ಆಸ್ಪತ್ರೆಯಿಂದ ನೇರ ಬಸ್ಸಿನಲ್ಲಿ ಬಂದಿದ್ದಳು, ಬಿಳಿ ಬೂಟು ಇನ್ನೂ ಕಾಲಲ್ಲೇ ಇತ್ತು. ಒಂದು ಕಿವಿಯಲ್ಲಿ ಸಣ್ಣ ವೈರು, ಅದರ ಇನ್ನೊಂದು ತುದಿ ಕೈಚೀಲದೊಳಗೆ.

"ಏನ್ರೀ ಅದು?" ಅಂತ ಕೇಳಿದ ಶರಣಬಸಪ್ಪ.

ಅವಳು ಗಡಬಡಿಸಿ ವೈರು ಕಿತ್ತಳು. "ಹವಾಮಾನ ಕೇಳಾಕ ಹತ್ತಿದ್ದೆರೀ. ನಾಳೆ ಮಳಿ ಐತೇನೋ ಅಂತ."

ಬದರೀನಾಥ ಪೇಪರಿನಿಂದ ಐದು ಕುದುರೆಗಳ ಹೆಸರು ಓದಿದ. ಆಡುವವರೂ ಐದೇ ಜನ, ಆದ್ದರಿಂದ ಆವತ್ತು ಒಂದು ಕುದುರೆಯೂ ಅನಾಥವಾಗುವಂತಿರಲಿಲ್ಲ. "ನೀವೇ ಮೊದಲು, ಹೇಳಿ" ಅಂದ.

"ಪೆಪ್ಪರ್ ಪಾಟ್."

ಬದರೀನಾಥ ಕೆಮ್ಮಿದ. ಅಡುಗೆಮನೆಯಲ್ಲಿ ಕೌಸಲ್ಯಾ ಅವರ ಕೈಯಿಂದ ಒಂದು ಚಮಚ ಬಿತ್ತು.

"ಅವಸರ ಯಾಕ್ರೀ" ಅಂದಳು ವೀರಬಸಮ್ಮ ಮೆಲ್ಲಗೆ. "ಆ ಐದನೇ ನಂಬರ್ ನೋಡ್ರಿ. ಲೇಟ್ ಸಪ್ಪರ್. ನನಗ್ಯಾಕೋ ಅದs ಛಲೋ ಐತಿ ಅನಸ್ತೈತಿ."

"ಲೇಟ್ ಅನ್ನೋ ಹೆಸರಿನ ಕುದುರಿ ನಾ ಸತ್ರೂ ಹಿಡ್ಯಂಗಿಲ್ಲ."

"ಹೆಸರಿಂದ ಏನ್ರೀ ಆಗೂದು? ನನ್ನ ಹೆಸರಿನ್ಯಾಗ ವೀರ ಅಂತ ಐತಿ. ಜಿರಳಿ ಕಂಡ್ರ ಓಡ್ತೇನಿ."

ಬೇರೆ ದಿನವಾಗಿದ್ದರೆ ಶರಣಬಸಪ್ಪ ನಗುತ್ತಿದ್ದನೋ ಏನೋ. ಇವತ್ತು ಇವಳ ಕೈಯ ರೊಟ್ಟಿಗಾಗಿಯೇ ಅವನು ಒದ್ದೆ ಕಂಬಳಿಯ ಏಟು ತಿಂದು ಬಂದಿದ್ದ. ಇವಳೇ ಅಡ್ಡಗಾಲು ಹಾಕುತ್ತಿದ್ದಾಳೆ!

ಕೌಸಲ್ಯಾ ಕಾಫಿ ತಂದರು. "ಶರಣಬಸಪ್ಪನವರೇ, ನನಗೂ ಐದನೇದೇ ಯಾಕೋ ಲಕ್ಷಣವಾಗಿದೆ ಅನ್ಸುತ್ತೆ ಕಣ್ರೀ."

"ನೀವೇ ಹಿಡೀರಿ ಹಂಗಾದ್ರ!"

"ಅಯ್ಯೋ ನನಗ್ಯಾಕೆ? ನಾನು ಮೂರನೇದು ತಗೋತೀನಿ."

"ನನಗೆ ಎರಡು" ಅಂದ ಬದರೀನಾಥ ಪೇಪರಿನ ಹಿಂದಿನಿಂದ. "ಆದ್ರೆ ಪೇಪರಿನಲ್ಲೂ ಲೇಟ್ ಸಪ್ಪರ್ ಬಗ್ಗೆ ಬಹಳ ಒಳ್ಳೇದು ಬರ್ದಿದಾರೆ ಸಾರ್. ನಾನಾಗಿದ್ರೆ ಚೇಂಜ್ ಮಾಡ್ತಿದ್ದೆ."

"ನಿಮ್ಮ ಪೇಪರಿನ್ಯಾಗ ನಾಕ್ಕ ಶುರು ಅಂತ ಬರದ ಸಿನಿಮಾ ಸುದ್ದಾ ನಾಕೂಹತ್ತಕ್ಕ ಶುರು ಆಗ್ತೈತಿ! ಕುದುರಿ ವಿಷಯಾ ನನಗ ಯಾರೂ ಹೇಳಬ್ಯಾಡ್ರಿ!" ಶರಣಬಸಪ್ಪನ ಧ್ವನಿಗೆ ಕಾಫಿ ಲೋಟ ಅದುರಿತು. ವೀರಬಸಮ್ಮನ ಕಡೆಗೆ ತಿರುಗಿ, "ನೀವು ನಿಮ್ಮ ಇಂಜೆಕ್ಷನ್ ನೋಡ್ಕೋರಿ!" ಅಂದುಬಿಟ್ಟ.

ಅವಳು ತಲೆ ತಗ್ಗಿಸಿ ಕೈಚೀಲದ ಗುಂಡಿಯನ್ನು ಹಾಕಿ ತೆಗೆದು ಮಾಡತೊಡಗಿದಳು. ಮಾತು ಬಾಯಿಂದ ಹೊರಟ ಕೂಡಲೇ ಶರಣಬಸಪ್ಪನಿಗೆ ಅದನ್ನು ಬಾಲ ಹಿಡಿದು ಎಳೆದುಕೊಳ್ಳಬೇಕು ಅನ್ನಿಸಿತು. ಆದರೆ ಅದು ಅವನಿಗೆ ಯಾವತ್ತೂ ಬಂದದ್ದಲ್ಲ. ನಾಳೆ ಊಟಕ್ಕೆ ಹೋದಾಗ ಎರಡು ರೊಟ್ಟಿ ಹೆಚ್ಚಿಗೆ ಕೇಳಿ ಸಮಾಧಾನ ಮಾಡಿದರಾಯಿತು ಅಂದುಕೊಂಡ.

ಐದೂಇಪ್ಪತ್ತೈದಕ್ಕೆ ಕೇಶವಮೂರ್ತಿ ಮತ್ತು ಹೆಂಡತಿ ಭಾನುಮತಿ ಬಂದರು. ಅವರು ಸಮಯಕ್ಕೆ ಬಂದ ದಾಖಲೆ ಇರಲಿಲ್ಲ. ಕೇಶವಮೂರ್ತಿಯ ಬಲಗೆನ್ನೆ ಇಡ್ಲಿಯಂತೆ ಊದಿತ್ತು.

"ಸಾರಿ ಸಾರಿ, ಪಾರ್ಕಿಂಗ್ ಸಿಗಲಿಲ್ಲ. ಗುರುವಾರ ಎರಡು ಹಲ್ಲು ಕಿತ್ರು, ಮಾತಾಡೋಕೂ ಆಗ್ತಿಲ್ಲ" ಅಂತ ಶುರು ಮಾಡಿ ಐದು ನಿಮಿಷ ಮಾತಾಡಿದ. ಟಿ.ವಿ.ಯಲ್ಲಿ ಕುದುರೆಗಳು ಸುತ್ತು ಹಾಕುತ್ತಿದ್ದವು. ನಾಲ್ಕನೇ ನಂಬರಿನ ಸವಾರನ ಅಂಗಿ ತನ್ನ ಸೀರೆಯ ಹಸಿರೇ ಅಂತ ಭಾನುಮತಿ ಅದನ್ನು ಹಿಡಿದಳು. ಕೇಶವಮೂರ್ತಿಗೆ ಉಳಿದದ್ದು ಐದು.

"ಲೇಟ್ ಸಪ್ಪರ್? ಏನ್ರೀ ಇದು, ನನ್ನನ್ನ ಟೀಸ್ ಮಾಡೋಕೆ ಇಟ್ಟಿದೀರಾ? ಶರಣಬಸಪ್ಪನವರೇ, ನಿಮ್ಮದು ಯಾವುದು? ಪೆಪ್ಪರ್ ಪಾಟಾ? ನೀವು ಹೆಂಗೂ ವಾರ ವಾರ ಗೆಲ್ತೀರಿ. ಅದೇನು ಮಂತ್ರ ಇದೆಯೋ ನಾನು ನೋಡೇ ಬಿಡ್ತೀನಿ. ಇವತ್ತು ಎಕ್ಸ್‌ಚೇಂಜ್ ಮಾಡ್ಕೊಳ್ಳೋಣ!"

"ಮಾಡ್ಕೊಳ್ಳಿ, ಮಾಡ್ಕೊಳ್ಳಿ!" ಅಂದರು ಕೌಸಲ್ಯಾ.

"ಗುಡ್ ಐಡಿಯಾ!" ಅಂದ ಬದರೀನಾಥ.

"ಹೂಂ ಅನ್ರೀ" ಅಂದಳು ವೀರಬಸಮ್ಮ, ಇಷ್ಟು ಹೊತ್ತು ಸುಮ್ಮನಿದ್ದವಳು. ಅವಳ ಧ್ವನಿಯಲ್ಲಿ ಕೇಳಿಕೊಳ್ಳುವಂಥದ್ದೇನೋ ಇತ್ತು.

ಶರಣಬಸಪ್ಪ ಒಬ್ಬೊಬ್ಬರ ಮುಖ ನೋಡಿದ. ಓಹೋ! ಎಲ್ಲರೂ ಸೇರಿ ತನ್ನನ್ನು ಸೋಲಿಸಲು ನಿಂತಿದ್ದಾರೆ. ತಾನು ಬರುವುದು ಇವರಿಗೆ ಸಾಕಾಗಿದೆ. ವೀರಬಸಮ್ಮನಿಗೂ ತಾನು ಮನೆಗೆ ಬರುವುದು ಬೇಡವಾಗಿದೆ. ಯುಗಾದಿಯ ಚಿಲಕವನ್ನು ಇವರು ಮರೆತಿಲ್ಲ.

ಅವನು ಎದ್ದು ನಿಂತ. "ತಿಳೀತ್ರಿ ನಿಮ್ಮ ಕಿತಾಪತಿ! ನನ್ನ ಕುದುರಿ ನಾ ಬಿಡಂಗಿಲ್ಲ. ಕೇಳ್ರಿ ಎಲ್ಲಾರೂ: ಪೆಪ್ಪರ್ ಪಾಟ್ ಸೋತ್ರ ಈ ಮನಿ ಹೊಸ್ತಲಾ ಮತ್ತ ತುಳ್ಯಂಗಿಲ್ಲ! ನಿಮ್ಮ ಯಾರ ಮನ್ಯಾಗೂ ಒಂದು ತುತ್ತು ಉಣ್ಣಂಗಿಲ್ಲ! ಬಸವಣ್ಣನ ಆಣಿ!"

ವೀರಬಸಮ್ಮ ಕಣ್ಣು ಮುಚ್ಚಿಕೊಂಡಳು.

ರೇಸು ಶುರುವಾಯಿತು. ಅರ್ಧ ಗಂಟೆಯ ಹಿಂದೆ ಟ್ಯಾಕ್ಸಿಯಲ್ಲಿ ಕೇಳಿದ್ದೆಲ್ಲ ಈಗ ಬಣ್ಣ ಬಳಿದುಕೊಂಡು ಓಡಿತು. ಕೊನೆಯ ತಿರುವು, ಭುಜಕ್ಕೆ ಭುಜ, ಪೆಪ್ಪರ್ ಪಾಟ್ ಕತ್ತಿನಷ್ಟು ಮುಂದೆ! ಶರಣಬಸಪ್ಪ ಚಪ್ಪಾಳೆ ತಟ್ಟಿ, ಒಂದು ಸುತ್ತು ತಿರುಗಿ, ವೀರಬಸಮ್ಮನ ಮುಂದೆ ನಿಂತ. ಮುಖದ ಮೇಲೆ ನಗು ಹೊಸ ಬಾಡಿಗೆದಾರನಂತೆ ಎಲ್ಲಿ ಕೂರಬೇಕೋ ತಿಳಿಯದೆ ಒದ್ದಾಡುತ್ತಿತ್ತು.

"ನಾಳೆ ಹನ್ನೆರಡೂವರಿಗೆ ಬರ್ತೇನ್ರಿ. ಹನ್ನೆರಡೂವರಿ ಅಂದ್ರ ಹನ್ನೆರಡೂವರಿ. ಬದರೀನಾಥ, ಬಂದ್ ಮಾಡ್ರಿ ಟಿ.ವಿ.!"

ಬದರೀನಾಥ ಎದ್ದ, ಟಿ.ವಿ.ಯ ತನಕ ಹೋದ. ಆದರೆ ಕೇಶವಮೂರ್ತಿ, "ಒಂದ್ನಿಮಿಷ ಇರಿ. ಅದೇನದು ಬೋರ್ಡಿನ ಮೇಲೆ ಲೈಟು ಮಿಣಮಿಣ ಅಂತಿದೆ?" ಅಂದ.

"ಇನ್‌ಕ್ವೈರಿ" ಅಂದ ಬದರೀನಾಥ ಸಣ್ಣ ದನಿಯಲ್ಲಿ, ಗೊತ್ತಿದ್ದವನಂತೆ. "ಕೊನೇ ತಿರುವಿನಲ್ಲಿ ಪೆಪ್ಪರ್ ಪಾಟ್ ಪಕ್ಕದ ಕುದುರೆಗೆ ಅಡ್ಡ ಬಂತೇನೋ. ಜಡ್ಜ್‌ಗಳು ಫಿಲಂ ನೋಡ್ತಾರೆ."

ನೋಡಿದರು. ಎರಡು ನಿಮಿಷದ ಮೇಲೆ ಬೋರ್ಡಿನ ಮೇಲಿದ್ದ ಪೆಪ್ಪರ್ ಪಾಟಿನ ಒಂದನೇ ನಂಬರು ಇಳಿಯಿತು, ಅದರ ಜಾಗಕ್ಕೆ ಐದು ಏರಿತು. ಗೆದ್ದದ್ದು ಲೇಟ್ ಸಪ್ಪರ್.

ಆ ಎರಡು ನಿಮಿಷವನ್ನು ಶರಣಬಸಪ್ಪ ಟ್ಯಾಕ್ಸಿಯಲ್ಲೇ ಬಿಟ್ಟು ಬಂದಿದ್ದ. ಡ್ರೈವರು ಕೂಗಿದ್ದೇಕೆ, ರಸ್ತೆಯಲ್ಲಿ ಚೂರು ಆರಿಸಿದ್ದೇಕೆ ಎಲ್ಲ ಈಗ ತಿಳಿಯಿತು.

"ನಂದು ಗೆದ್ತಾ?" ಕೇಶವಮೂರ್ತಿ ಕೆನ್ನೆ ಹಿಡಿದುಕೊಂಡ. "ಊಟ ಏನು ಸಿಸ್ಟರ್? ಜೋಳದ ರೊಟ್ಟಿನಾ? ಅಯ್ಯೋ ರಾಮ, ಈ ಹಲ್ಲಿನಲ್ಲಿ!"

ಯಾರೂ ನಗಲಿಲ್ಲ. ಶರಣಬಸಪ್ಪ ಬೂಟು ಹಾಕಿಕೊಂಡ.

"ಕೋಪದಲ್ಲಿ ಆಡಿದ ಮಾತು, ಅದನ್ನೆಲ್ಲ ಯಾರು ಲೆಕ್ಕಕ್ಕೆ ತಗೋತಾರೆ. ಕೂತ್ಕೊಳ್ಳಿ" ಅಂದರು ಕೌಸಲ್ಯಾ.

"ಮಾತಂದ್ರ ಮಾತ್ರೀ" ಅಂತ ಅವನು ಹೊಸ್ತಿಲನ್ನು ತುಳಿಯದೆ ದಾಟಿ ಹೊರಟುಹೋದ.

ಬಸ್ ಸ್ಟಾಪಿನಲ್ಲಿ ನಿಂತು ಐದು ನಿಮಿಷವಾಗಿತ್ತು. ಬಿಳಿ ಬೂಟಿನ ಸಪ್ಪಳ ಕೇಳಿಸಿತು. ವೀರಬಸಮ್ಮ ಬಂದು ಪಕ್ಕದಲ್ಲಿ ನಿಂತಳು. ಅವಳ ಬಸ್ಸೂ ಅಲ್ಲಿಂದಲೇ. ಸ್ವಲ್ಪ ಹೊತ್ತು ಇಬ್ಬರೂ ಎದುರಿನ ಅಂಗಡಿಯ ಬೋರ್ಡು ಓದಿದರು.

"ಮೂರು ಸಲ ಹೇಳಿದೆ ನಿಮಗ" ಅಂದಳು ಅವಳು.

"ನಿಮಗ ಹೆಂಗ ಗೊತ್ತಾತ್ರಿ?"

ಅವಳು ಕೈಚೀಲದಿಂದ ಒಂದು ಪುಟ್ಟ ಟ್ರಾನ್ಸಿಸ್ಟರ್ ತೆಗೆದು ತೋರಿಸಿದಳು. "ನಿಮಗ ಗೊತ್ತಾಗೂಹಂಗs. ಆದ್ರ ನಾ ಕಡೀತನಕಾ ಕೇಳ್ದೆ."

"ಅಂದ್ರ... ನನ್ನ ವಿಷಯಾ..."

"ಟೋನಿ ಅಂಗಡ್ಯಾಗ ನೀವು ಕುಂತದ್ದನ್ನ ಕೌಸಲ್ಯಾ ಅವರು ಜೂನ್ ತಿಂಗಳದಾಗs ನೋಡ್ಯಾರ. ಅವರ ಅಡಿಗಿಮನ್ಯಾಗೂ ರೇಡಿಯೋ ಐತ್ರಿ. ಕೇಶವಮೂರ್ತಿಯವರಿಗೆ ಮಾತ್ರ ಯಾರೂ ಹೇಳಿಲ್ಲ, ಅವರ ಬಾಯಾಗ ಮಾತು ನಿಲ್ಲೂದಿಲ್ಲ." ಅವಳು ಟ್ರಾನ್ಸಿಸ್ಟರ್ ಒಳಗಿಟ್ಟಳು. "ಕರದ್ರ ಬರೂದಿಲ್ಲ ಈ ಮನಶ್ಯಾ, ಗೆದ್ರs ಬರ್ತಾನ, ಬಂದು ಉಣ್ಣಲಿ ಬಿಡ್ರಿ ಅಂತ ಕೌಸಲ್ಯಾ ಅವರs ಅಂದ್ರು. ನಾವು ಸುಮ್ಮಿದ್ವಿ."

ನಾಲ್ಕು ತಿಂಗಳ ಹುಳಿ, ಪಲ್ಯ, ಚಿತ್ರಾನ್ನ ಎಲ್ಲ ಒಂದೇ ಸಲ ಶರಣಬಸಪ್ಪನ ಗೆದ್ದ ಊಟದ ಲೆಕ್ಕದಿಂದ ದಾನದ ಲೆಕ್ಕಕ್ಕೆ ಹೋದವು. ತಾನು ಮೋಸ ಮಾಡುತ್ತಿದ್ದೇನೆ ಅಂದುಕೊಂಡಿದ್ದಾಗಲೇ ನೆಮ್ಮದಿಯಾಗಿದ್ದ.

"ಇನ್ನೊಂದು ಹೇಳ್ತೇನಿ" ಅಂದಳು ವೀರಬಸಮ್ಮ. "ಹಿಟ್ಟು ಬಾಳ ಐತ್ರಿ. ಕೇಶವಮೂರ್ತಿಯವರಿಗೆ ಅನ್ನಾ ಸಾರು ಮಾಡ್ತೇನಿ, ಅವರ ಹಲ್ಲಿಗೆ ಅದs ಛಲೋ. ರೊಟ್ಟಿ ನೀವು ಬಂದ್ರs ಖರ್ಚಾಗೂವು. ಆಣಿ ಗೀಣಿ ಬಸವಣ್ಣಗ ನಾ ಹೇಳ್ಕೋತೇನಿ. ನಾಳೆ ಬರ್ರಿ."

ಹೂಂ ಅನ್ನುವುದು ಒಂದೇ ಅಕ್ಷರದ ಕೆಲಸ. ಆದರೆ ನಲವತ್ತೆಂಟು ವರ್ಷದ ರೂಢಿ ಅದಕ್ಕಿಂತ ಮುಂಚೆ ಬಾಯಿಗೆ ಬಂತು.

"ಕರುಣಾದ ರೊಟ್ಟಿ ನನ್ನ ಗಂಟಲಾಗ ಇಳ್ಯಂಗಿಲ್ಲ!"

ವೀರಬಸಮ್ಮ ಅವನ ಮುಖ ನೋಡಿದಳು. ಈ ಸಲ ಅವನ ಹಿಂದೆ ಕಿಟಕಿ ಇರಲಿಲ್ಲ, ಆದ್ದರಿಂದ ಸಂಶಯಕ್ಕೂ ಎಡೆಯಿರಲಿಲ್ಲ. "ಆತು ಬಿಡ್ರಿ" ಅಂದಳು.

ಶರಣಬಸಪ್ಪ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ತಯಾರಿ ನಡೆಸಿದ. ಅವಸರವೇನಿಲ್ಲ. ಅವಳ ಬಸ್ಸು ಐದೂಐವತ್ತೆರಡರದು, ಈಗ ಐದೂಐವತ್ತೊಂದು. ಆ ಬಸ್ಸು ಎಂದೂ ಹದಿನೈದು ನಿಮಿಷ ತಡವಾಗದೆ ಬಂದದ್ದಿಲ್ಲ. ಅದರ ಮೇಲೆ ಅವನೇ ಬಸ್ ಕಂಪನಿಗೆ ಮೂರು ಕಾಗದ ಬರೆದಿದ್ದ. ಹದಿನಾರು ನಿಮಿಷದಲ್ಲಿ ಒಂದು ವಾಕ್ಯ ಜೋಡಿಸಬಹುದು. 'ತಪ್ಪಾತ್ರಿ' ಅಂತ ಶುರು ಮಾಡಬೇಕೋ, 'ಎಷ್ಟಕ್ಕ ಬರಲ್ರಿ' ಅಂತಲೋ? ಎರಡನೆಯದೇ ವಾಸಿ. ಅದರಲ್ಲಿ ತಪ್ಪು ಒಪ್ಪಿದ ಹಾಗೂ ಆಗುತ್ತದೆ, ಒಪ್ಪದ ಹಾಗೂ ಇರುತ್ತದೆ. ಅವನು ಗಂಟಲು ಸರಿ ಮಾಡಿಕೊಂಡ.

ಐದೂಐವತ್ತೆರಡಕ್ಕೆ ಸರಿಯಾಗಿ ಬಸ್ಸು ಬಂತು.

ವೀರಬಸಮ್ಮ ಹತ್ತಿದಳು. ಬಾಗಿಲು ಮುಚ್ಚಿತು. ಕಿಟಕಿಯೊಳಗೆ ಅವಳು ವೈರನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು ಕಂಡಿತು. ಶರಣಬಸಪ್ಪ ವಾಚು ನೋಡಿದ, ಇನ್ನೊಂದು ಕೈಯ ವಾಚನ್ನೂ ನೋಡಿದ. ಎರಡೂ ಬಸ್ಸಿನ ಕಡೆಗೇ ಸಾಕ್ಷಿ ಹೇಳಿದವು.

ಮರುದಿನ ಹನ್ನೆರಡೂವರೆಗೆ ಏಳು ಗಡಿಯಾರಗಳೂ ಒಟ್ಟಿಗೆ ಒಂದೊಂದು ಸಲ ಹೊಡೆದವು. ಶರಣಬಸಪ್ಪ ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದ. ಒಂದೂನಲವತ್ತಕ್ಕೆ ಫೋನು ಬಂತು. ಎಂಟು ದಿನಕ್ಕೊಮ್ಮೆಯೂ ಬಾರದ ಫೋನು. ಮೊದಲನೇ ರಿಂಗಿಗೇ ಎತ್ತಿದ.

"ಹಲೋ, ನಾನು ಕೇಶವಮೂರ್ತಿ. ಫ್ಲಶಿಂಗ್‌ನಲ್ಲಿ ದಾರಿ ತಪ್ಪಿದೀನಿ ಸಾರ್, ಬೂತಿನಿಂದ ಮಾತಾಡ್ತಿದೀನಿ. ಹನ್ನೆರಡೂವರೆಗೆ ಹೇಳಿದ್ರು. ಸಿಸ್ಟರ್ ಫೋನು ಎಂಗೇಜ್, ಕೌಸಲ್ಯಾ ಅವರ ಫೋನೂ ಎಂಗೇಜ್, ಅವರಿಬ್ಬರೇ ಮಾತಾಡ್ತಿರಬೇಕು. ನಿಮಗೇನಾದ್ರೂ ದಾರಿ ಗೊತ್ತಾ?"

ಶರಣಬಸಪ್ಪ ಗಡಿಯಾರಗಳ ಕಡೆಗೆ ನೋಡಿದ. ಆಮೇಲೆ ಹೇಳಿದ: "ಎದುರಿಗೆ ದೊಡ್ಡ ಚರ್ಚ್ ಕಾಣತೈತೇನ್ರೀ? ಅದರ ಬಲಕ್ಕ ಹೂವಿನಂಗಡಿ. ಅಲ್ಲಿಂದ ನಾಕು ನಿಮಿಷ ನಡೀರಿ. ಕೆಂಪು ಇಟ್ಟಂಗಿ ಕಟ್ಟಡ. ಲಿಫ್ಟ್ ಇಲ್ಲ, ನಲವತ್ತಾರು ಮೆಟ್ಟಿಲಾ. ಎಡಗಡಿ ಎರಡನೇ ಬಾಗಿಲಾ. ಬೆಲ್ ಕೆಟ್ಟೈತಿ ಅಂತ ಚೀಟಿ ಹಚ್ಯಾರ, ಮೆಲ್ಲಕ ಬಾಗಿಲಾ ಬಡೀರಿ."

"ಥ್ಯಾಂಕ್ಸ್ ಸಾರ್! ಅಲ್ಲ, ನೀವು ಅವರ ಮನೆಗೆ ಹೋಗೇ ಇಲ್ವಲ್ಲ? ಮೆಟ್ಟಿಲು ಎಷ್ಟು ಅಂತ ಹೇಗೆ ಗೊತ್ತು?"

ಶರಣಬಸಪ್ಪ ಫೋನು ಇಟ್ಟ.

ಹೋದ ಭಾನುವಾರ ಅವನು ಬಸ್ಸು ಹಿಡಿದು, ವಾಚು ಕೈಯಲ್ಲಿಟ್ಟುಕೊಂಡು ಆ ಬಾಗಿಲ ತನಕ ಹೋಗಿ, ತಟ್ಟದೆ ವಾಪಸು ಬಂದಿದ್ದ. ನಲವತ್ತೊಂದು ನಿಮಿಷ ಹಿಡಿದಿತ್ತು. ಊಟದ ದಿನ ಒಂದು ನಿಮಿಷವೂ ತಡವಾಗಬಾರದಲ್ಲ ಎಂದು.